ಸೂರ್ಯ ಎಲ್ಲಿ, ನೀರು ಎಷ್ಟು, ಗೇಟು ಎಷ್ಟೊತ್ತಿಗೆ: ಕಡಲು, ಹಂಪಿ, ಮುಂಬೈ ಫೋಟೊ ತೆಗೆಯುವುದು ಹೇಗೆ

ಕುಂದಾಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ಉಪನಯನ, ಪಾಸ್‌ಪೋರ್ಟ್ ಫೋಟೊ ನನ್ನ ಹೊಟ್ಟೆಪಾಡು. ಆಷಾಢ ಬಂತೆಂದರೆ ಮದುವೆ ನಿಲ್ಲುತ್ತವೆ. ಆಗಲೂ, ಮುಹೂರ್ತ ಇಲ್ಲದ ಬೇರೆ ದಿನಗಳಲ್ಲೂ ಕಡಲು, ಗುಡ್ಡ, ಹಳೇ ಗುಡಿ ಅಂತ ಹೊರಟುಬಿಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ನಡೆದಿದೆ.

ಅಂಗಡಿಗೆ ಬರುವ ಹುಡುಗರು ಮೊಬೈಲ್ ತೋರಿಸುತ್ತಾರೆ. ಮರವಂತೆಯ ಸಂಜೆ. ಆಕಾಶ ಬೆಳ್ಳಗಾಗಿದೆ, ಸೂರ್ಯ ಒಂದು ಬಿಳಿ ಚುಕ್ಕೆ, ಕಡಲು ಒಂದು ಕಡೆಗೆ ವಾಲಿದೆ. "ಅಣ್ಣಾ, ಯಾವ ಕ್ಯಾಮೆರಾ ತಗೊಂಡ್ರೆ ಸರಿ ಬರ್ತದೆ?" ಅಂತ ಕೇಳುತ್ತಾರೆ. ನಾನು ವಾಪಸ್ ಕೇಳುತ್ತೇನೆ: ಯಾವ ತಾರೀಕಿಗೆ ಹೋಗಿದ್ದೆ? ಎಷ್ಟೊತ್ತಿಗೆ ಮುಟ್ಟಿದೆ? ಎಷ್ಟೊತ್ತಿಗೆ ಹೊರಟೆ? ಹೆಚ್ಚಿನವರಿಗೆ ನೆನಪೇ ಇರುವುದಿಲ್ಲ. ಕ್ಯಾಮೆರಾದ ಮಾತು ಆಮೇಲೆ. ಮನೆಯಿಂದ ಹೊರಡುವ ಮೊದಲು ಮೂರು ವಿಷಯ ಗೊತ್ತಿರಬೇಕು. ಸೂರ್ಯ ಯಾವ ಕಡೆ ಇರುತ್ತಾನೆ, ನೀರು ಎಷ್ಟಿರುತ್ತದೆ, ಗೇಟು ಎಷ್ಟೊತ್ತಿಗೆ ತೆಗೆಯುತ್ತಾರೆ. ನನ್ನ ಹತ್ತಿರದ ಒಳ್ಳೆಯ ಫೋಟೊಗಳೆಲ್ಲ ಈ ಲೆಕ್ಕದಿಂದಲೇ ಬಂದವು.

ಮರವಂತೆ: ಗೋಡೆಯ ಕ್ಯಾಲೆಂಡರ್ ನೋಡಿ ಹೊರಡಿ

ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಪಕ್ಕ ಅರಬ್ಬಿ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಪಶ್ಚಿಮ ಕರಾವಳಿಯಾದ್ದರಿಂದ ವರ್ಷವಿಡೀ ಸೂರ್ಯ ಕಡಲಿನ ಕಡೆಗೇ ಮುಳುಗುತ್ತಾನೆ. ಆದರೆ ಒಂದೇ ಜಾಗದಲ್ಲಿ ಅಲ್ಲ. ಡಿಸೆಂಬರ್ ಕೊನೆಯಲ್ಲಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಎಡಕ್ಕೆ, ಅಂದರೆ ದಕ್ಷಿಣದ ಕಡೆ ಮುಳುಗುತ್ತಾನೆ. ಜೂನ್ ಕೊನೆಯಲ್ಲಿ ಅಷ್ಟೇ ಬಲಕ್ಕೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಲೆಕ್ಕ ಹಾಕಿ, ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ ಐದು ಮುಷ್ಟಿ. ಡಿಸೆಂಬರ್‌ನಲ್ಲಿ ಬಂಡೆಯ ಹಿಂದೆ ಸರಿಯಾಗಿ ಕೂತ ಸೂರ್ಯ ಮಾರ್ಚ್‌ನಲ್ಲಿ ಅಲ್ಲಿರುವುದಿಲ್ಲ. ಇದನ್ನು ತೋರಿಸುವ ಆಪ್‌ಗಳಿವೆ. ಇಲ್ಲದಿದ್ದರೂ ಪರವಾಗಿಲ್ಲ. ಹಿಂದಿನ ದಿನ ಸಂಜೆ ಹೋಗಿ ನಿಂತು ನೋಡಿ ಬನ್ನಿ. ಒಂದು ದಿನಕ್ಕೆ ಸೂರ್ಯ ಸರಿಯುವುದು ಅರ್ಧ ಡಿಗ್ರಿಯೂ ಇಲ್ಲ.

ಇನ್ನು ನೀರು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಸುಲಭದ ಗುರುತಿದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸಂಜೆ ಐದರ ಹೊತ್ತಿಗೆ ನೀರು ಚೆನ್ನಾಗಿ ಇಳಿದಿರುತ್ತದೆ. ಬಂಡೆ, ಪಾಚಿ, ಒದ್ದೆ ಮರಳು ಎಲ್ಲ ಕಾಣುತ್ತದೆ. ಅಷ್ಟಮಿಯ ಹೊತ್ತಿಗೆ ಸಂಜೆ ನೀರು ಏರಿರುತ್ತದೆ, ಬಂಡೆಗಳು ಅರ್ಧ ಮುಳುಗಿರುತ್ತವೆ. ಹಾಗಾಗಿ ಕಡಲಿಗೆ ಹೋಗುವ ದಿನ ಗೊತ್ತು ಮಾಡುವುದು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿಯೇ. ನಿಖರವಾದ ಗಂಟೆ ಬೇಕಿದ್ದರೆ ಉಬ್ಬರ ಇಳಿತದ ಪಟ್ಟಿ ಮೊಬೈಲ್‌ನಲ್ಲೇ ಸಿಗುತ್ತದೆ.

ಹುಣ್ಣಿಮೆ ಸಂಜೆ ಮರವಂತೆಯಲ್ಲಿ ಇನ್ನೊಂದು ಲಾಭವಿದೆ. ಇತ್ತ ಕಡಲಲ್ಲಿ ಸೂರ್ಯ ಮುಳುಗುವ ಹೊತ್ತಿಗೇ ಅತ್ತ ಹೊಳೆಯ ಆಚೆ, ಗುಡ್ಡಗಳ ಕಡೆಯಿಂದ ಚಂದ್ರ ಏಳುತ್ತಾನೆ. ರಸ್ತೆ ದಾಟಿದರೆ ಇನ್ನೊಂದು ಫೋಟೊ. ಎರಡೂ ಕಡೆ ನೋಡಿ ದಾಟಿ, ಅಲ್ಲಿ ಬಸ್ಸು ಲಾರಿ ಭಾರಿ ಜೋರು.

ಕ್ಯಾಮೆರಾ ಸ್ಟ್ಯಾಂಡ್ (ಟ್ರೈಪಾಡ್) ಊರುವಾಗ ಕಾಲುಗಳನ್ನು ಮರಳಿಗೆ ಒತ್ತಿ ಇಳಿಸಿ, ಅಲೆ ಒಂದೆರಡು ಸಲ ಬಂದು ಹೋಗಲಿ, ಮತ್ತೆ ಒತ್ತಿ. ಆಮೇಲೆ ಲೆವೆಲ್ ನೋಡಿ. ಕಡಲಿನ ಅಂಚು ವಾಲಿದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11. 16 ಎಂಎಂ ವೈಡ್ ಲೆನ್ಸಿದ್ದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಫೋಕಸ್ ಒಂದು ಮೀಟರ್ ದೂರಕ್ಕೆ ಇಡಿ. ಹತ್ತಿರದ ಬಂಡೆಯೂ ದೂರದ ದೋಣಿಯೂ ಸ್ಪಷ್ಟ ಬರುತ್ತದೆ. ಆಮೇಲೆ ಎರಡು ಸೆಕೆಂಡ್ ಟೈಮರ್ ಹಾಕಿ, ಬೆರಳಿನ ಅಲುಗಾಟ ತಪ್ಪುತ್ತದೆ. ಲೆನ್ಸಿನ ಸ್ಟೆಬಿಲೈಸರ್ (ಕೈಯ ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ.

ಅಲೆಗೆ ಯಾವ ಶಟರ್ ಸ್ಪೀಡ್, ಅಂದರೆ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಬಂಡೆಗೆ ಬಡಿದು ಹಾರುವ ಹನಿ ಹನಿ ಬೇಕಿದ್ದರೆ 1/500 ಸೆಕೆಂಡ್. ನೀರು ಹೊಗೆಯ ಹಾಗೆ ಕಾಣಬೇಕಿದ್ದರೆ ಒಂದು ನಿಮಿಷ. ಅದಕ್ಕೆ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು) ಬೇಕು. ಹತ್ತು ಸ್ಟಾಪಿನ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಫಿಲ್ಟರ್ ಬೆಳಕನ್ನು ಸಾವಿರ ಪಾಲು ಕಡಿಮೆ ಮಾಡುತ್ತದೆ. 1/15 ಸೆಕೆಂಡ್ ಇದ್ದದ್ದು ಒಂದು ನಿಮಿಷಕ್ಕೆ ಬರುತ್ತದೆ. ನನಗೆ ಮಾತ್ರ ಇವೆರಡರ ನಡುವಿನದ್ದು ಇಷ್ಟ, ಅರ್ಧ ಸೆಕೆಂಡ್. ಅಲೆ ದಡಕ್ಕೆ ಬಂದು, ನಿಂತು, ವಾಪಸ್ ಎಳೆಯಲು ಶುರು ಮಾಡುತ್ತದಲ್ವಾ, ಆ ಕ್ಷಣಕ್ಕೆ ಶಟರ್ ತೆರೆದಿರಬೇಕು. ಆಗ ನೊರೆ ಎಳೆ ಎಳೆಯಾಗಿ ಬಾಚಣಿಗೆಯಲ್ಲಿ ಬಾಚಿದ ಹಾಗೆ ಕಡಲ ಕಡೆಗೆ ಓಡುತ್ತದೆ. ಬರುವ ಅಲೆಗೆ ಒತ್ತಿದರೆ ಸುಮ್ನೆ ಬಿಳಿ ಮುದ್ದೆ. ನಾನು ಇಪ್ಪತ್ತು ಅಲೆಗೆ ಇಪ್ಪತ್ತು ಸಲ ಒತ್ತುತ್ತೇನೆ. ಒಂದೋ ಎರಡೋ ಉಳಿಯುತ್ತವೆ.

ಸೂರ್ಯ ಮುಳುಗಿದ ಕೂಡಲೇ ಜನ ಎದ್ದು ಹೊರಡುತ್ತಾರೆ. ದಯವಿಟ್ಟು ಹೊರಡಬೇಡಿ. ಮೋಡಕ್ಕೆ ಬಣ್ಣ ಬರುವುದು ಎಷ್ಟೋ ಸಲ ಆಮೇಲೆ ಹತ್ತು, ಹದಿನೈದು ನಿಮಿಷಕ್ಕೆ. ಆದರೆ ಯುರೋಪಿನವರು ಬರೆದದ್ದನ್ನು ಓದಿ ಗಂಟೆಗಟ್ಟಲೆ ಬೆಳಕಿರುತ್ತದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಮೇಲೆ 22ರಿಂದ 25 ನಿಮಿಷಕ್ಕೆ ಕತ್ತಲಿಗೆ ಶುರು. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟಿದ ಕೂಡಲೇ ಮುಳುಗುತ್ತಾನೆ, ಜೂನ್ ಕೊನೆಗೆ ಏಳರ ಹತ್ತಿರ. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ಜಾಗ ಹಿಡಿದಿರಬೇಕು.

ಇಳಿದ ನೀರು ಏರುವುದೂ ಇದೇ ಹೊತ್ತಿಗೆ. ಒಮ್ಮೆ ನಾನು ಎರಡು ಬಂಡೆಗಳ ನಡುವೆ ಸ್ಟ್ಯಾಂಡ್ ಇಟ್ಟು ಪರದೆ ನೋಡುತ್ತ ನಿಂತಿದ್ದೆ. ಹಿಂದೆ ನೀರು ತುಂಬಿದ್ದು ಗೊತ್ತೇ ಆಗಲಿಲ್ಲ. ಬಲೆ ಮಡಚುತ್ತಿದ್ದ ಒಬ್ಬರು ದಡದಿಂದ ಕೂಗಿದರು: "ಹ್ವಾಯ್, ನೀರ್ ಏರ್ತಾ ಇತ್ತ್, ಸ್ಟ್ಯಾಂಡ್ ಎತ್ಕಣಿ!" ಮೊಣಕಾಲಿನವರೆಗಿನ ನೀರಲ್ಲಿ ಬ್ಯಾಗು ತಲೆ ಮೇಲಿಟ್ಟುಕೊಂಡು ಬಂದೆ. ಅವತ್ತಿನಿಂದ ಪ್ರತಿ ಐದು ನಿಮಿಷಕ್ಕೊಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ಮಳೆಗಾಲದಲ್ಲಂತೂ ಮರಳಿಗೇ ಇಳಿಯುವುದಿಲ್ಲ, ಮೇಲಿನಿಂದಲೇ ತೆಗೆಯುತ್ತೇನೆ.

ಮಳೆಗಾಲದಲ್ಲಿ ತೆಗೆಯಲು ಏನಿದೆ ಅಂತ ಕೇಳಿದರೆ ಮಲ್ಪೆ ಬಂದರಿಗೆ ಹೋಗಿ ಅನ್ನುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಒಂದಕ್ಕೊಂದು ತಾಗಿ ನಿಂತ ದೋಣಿಗಳು, ಹಗ್ಗ, ಬಾವುಟ, ಮೇಲೆ ಕಪ್ಪು ಮೋಡ. ಮೋಡ ಕವಿದ ಬೆಳಕಿನಲ್ಲಿ ಆ ಕೆಂಪು, ನೀಲಿ ಬಣ್ಣಗಳು ಬಿಸಿಲಿಗಿಂತ ಎಷ್ಟೋ ಚೆನ್ನಾಗಿ ಬರುತ್ತವೆ.

ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ. ಉಳಿದ ದಿನ ದೋಣಿ ಇದ್ದರೂ ಹಗಲು ಮಾತ್ರ. ಬೆಳಗಿನ, ಸಂಜೆಯ ಬೆಳಕು ಅಲ್ಲಿ ಸಿಗುವುದಿಲ್ಲ ಅಂತ ಗೊತ್ತು ಮಾಡಿಕೊಂಡೇ ಹೋಗಿ. ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ತಣ್ಣಗಾಗುವಾಗ ಒಡೆದು ಕಂಬ ಕಂಬವಾದ ಬಂಡೆಗಳು ಅವು. ಮಧ್ಯಾಹ್ನದ ಬಿಸಿಲಿಗೆ ಪೋಲರೈಸರ್ ಫಿಲ್ಟರ್ ಹಾಕಿ, ಸೂರ್ಯನನ್ನು ಎಡ ಅಥವಾ ಬಲ ಭುಜಕ್ಕೆ ಇಟ್ಟುಕೊಂಡು ನಿಲ್ಲಿ. ಆಗಲೇ ಅದು ಚೆನ್ನಾಗಿ ಕೆಲಸ ಮಾಡುವುದು, ನೀರಿನ ಹೊಳಪು ಕಡಿಮೆಯಾಗಿ ಒಳಗಿನ ಕಲ್ಲು ಕಾಣುತ್ತದೆ. ದೂರದಿಂದ ತೆಗೆದರೆ ಬರೀ ಕಲ್ಲು ರಾಶಿ. ಕೂತು, ಹತ್ತಿರದಿಂದ, ಕಂಬದ ತಲೆಯ ಐದು ಮೂಲೆ, ಆರು ಮೂಲೆ ಕಾಣುವ ಹಾಗೆ ತೆಗೆಯಿರಿ.

ಕಾಪು ದೀಪಸ್ತಂಭದ ಬಗ್ಗೆ ಒಂದೇ ಮಾತು. 1901ರಲ್ಲಿ ಕಟ್ಟಿದ್ದು, ಎಲ್ಲರೂ ಅದರ ಬುಡದಲ್ಲಿ ನಿಂತು ತಲೆಯೆತ್ತಿ ತೆಗೆಯುತ್ತಾರೆ. ಮರಳಿನ ಮೇಲೆ ಒಂದು ಹತ್ತು ನಿಮಿಷ ನಡೆದು ದೂರ ಹೋಗಿ. ಅದು ನಿಂತ ಬಂಡೆ, ಕಡಲು, ಮೇಲೆ ಹತ್ತಿದ ಜನ ಇಷ್ಟಿಷ್ಟೇ ಕಾಣುವಾಗ ಅದರ ಎತ್ತರ ಗೊತ್ತಾಗುತ್ತದೆ.

ಹಂಪಿ: ಲೆನ್ಸಿಲ್ಲದ ಕ್ಯಾಮೆರಾ

ಹಳೇ ಗುಡಿಗಳಲ್ಲಿ ಸೂರ್ಯನ ಜೊತೆ ಗೇಟಿನ ಹೊತ್ತನ್ನೂ ನೋಡಬೇಕು. ವಿಠ್ಠಲ ದೇವಸ್ಥಾನದ ಕಲ್ಲಿನ ರಥಕ್ಕೆ ಮುಂಜಾನೆಯ ಮೊದಲ ಬಿಸಿಲು ಬೀಳುವಾಗ ಗೇಟು ಹಾಕಿರುತ್ತದೆ. ಹಾಗಾಗಿ ನಾನು ಮುಂಜಾನೆಯನ್ನು ಮಾತಂಗ ಬೆಟ್ಟಕ್ಕೆ ಕೊಡುತ್ತೇನೆ. ಗೇಟು ತೆಗೆದ ಕೂಡಲೇ ಜನ ತುಂಬುವ ಮೊದಲು ವಿಠ್ಠಲ.

ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಏಳುವುದು 6.40ರ ಆಸುಪಾಸು. ಐದೂವರೆಗೆ ಹತ್ತಲು ಶುರು ಮಾಡಿ. ಟಾರ್ಚ್ ಬೇಕು, ಜೊತೆಗೆ ಒಬ್ಬರು ಬೇಕು. ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ನಾನು ಮೊದಲ ಸಲ ಹೋದಾಗ ದೊಡ್ಡ ದೃಶ್ಯ ಅಂತ ವೈಡ್ ಲೆನ್ಸ್ ಮಾತ್ರ ಒಯ್ದಿದ್ದೆ. ಕೆಳಗಿನ ಅಚ್ಯುತರಾಯ ದೇವಸ್ಥಾನ ಬೆಂಕಿಪೊಟ್ಟಣದಷ್ಟು ಬಂತು. ಬೆಟ್ಟದ ಮೇಲಿಂದ 70-200 ಎಂಎಂ ಜೂಮ್ ಲೆನ್ಸ್ ಬೇಕು. ಓರೆ ಬಿಸಿಲು ಬಿದ್ದ ಪ್ರಾಕಾರ, ಉದ್ದ ನೆರಳು, ಹಿಂದೆ ಒಂದರ ಹಿಂದೊಂದು ಬಂಡೆಗುಡ್ಡ, ಇಷ್ಟನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಎಲ್ಲರೂ ಸೂರ್ಯನ ಕಡೆಗೆ ಮುಖ ಮಾಡಿ ನಿಂತಿರುವಾಗ ಒಮ್ಮೆ ಹಿಂದೆ ತಿರುಗಿ. ವಿರೂಪಾಕ್ಷನ ಪೂರ್ವ ಗೋಪುರಕ್ಕೆ ಎಳೆ ಬಿಸಿಲು ನೇರವಾಗಿ ಹೊಡೆದಿರುತ್ತದೆ.

ಆ ಗೋಪುರ ಸುಮಾರು 50 ಮೀಟರ್ ಎತ್ತರ. ಎದುರಲ್ಲೇ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ. ಬಜಾರಿನ ಬೀದಿಯಲ್ಲಿ ಹಿಂದೆ ಹಿಂದೆ ನಡೆಯಿರಿ. ಕ್ಯಾಮೆರಾವನ್ನು ನೆಟ್ಟಗೆ ಹಿಡಿದರೂ ಕಳಸ ಕಾಣುವಷ್ಟು ದೂರಕ್ಕೆ. ಕೆಳಗೆ ಜಾಸ್ತಿಯಾದ ನೆಲವನ್ನು ಆಮೇಲೆ ಕತ್ತರಿಸಿದರಾಯ್ತು. ಕೆತ್ತನೆ ತೆಗೆಯುವುದಿದ್ದರೆ ಬಿಸಿಲು ಪಕ್ಕದಿಂದ ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿಗೆ ಕಾಯಿರಿ. ನೇರ ಬಿಸಿಲಿಗೆ ಉಬ್ಬು ತಗ್ಗು ಎಲ್ಲ ಚಪ್ಪಟೆ.

ಫೋಟೊ ಕಲಿಯುವ ಯಾರೇ ಆಗಲಿ, ವಿರೂಪಾಕ್ಷ ದೇವಸ್ಥಾನದ ಒಳಗೊಂದು ಜಾಗವನ್ನು ನೋಡಲೇಬೇಕು. ಗರ್ಭಗುಡಿಯ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆ. ಗೋಡೆಯಲ್ಲಿ ಸಣ್ಣ ಕಿಂಡಿ. ಎದುರು ಗೋಡೆಯ ಮೇಲೆ ಆ ಗೋಪುರದ ನೆರಳು ತಲೆಕೆಳಗಾಗಿ ಬಿದ್ದಿರುತ್ತದೆ. ಕಳಸ ಕೆಳಗೆ, ಬುಡ ಮೇಲೆ. ಮೊದಲ ಸಲ ಅಲ್ಲಿ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ದಿನಾ ಕೈಯಲ್ಲಿ ಹಿಡಿಯುವ ಕ್ಯಾಮೆರಾದ ಒಳಗೇ ಹೊಕ್ಕ ಹಾಗಾಯಿತು. ಗೋಪುರದ ತುದಿಯಿಂದ ಬಂದ ಬೆಳಕು ಕಿಂಡಿಯಲ್ಲಿ ನೇರ ಸಾಗಿ ಕೆಳಗೆ ಬೀಳುತ್ತದೆ, ಬುಡದ್ದು ಮೇಲೆ ಬೀಳುತ್ತದೆ, ಅಷ್ಟೇ. ಕಿಂಡಿ ಸಣ್ಣದಾದರೆ ಚಿತ್ರ ಸ್ಪಷ್ಟ, ಆದರೆ ಮಂಕು. ದೊಡ್ಡದಾದರೆ ಬೆಳಕು ಜಾಸ್ತಿ, ಆದರೆ ಅಂಚು ಕದಡುತ್ತದೆ. ಎಫ್/11 ಸಣ್ಣ ಕಿಂಡಿ, ಎಫ್/2.8 ದೊಡ್ಡ ಕಿಂಡಿ. ಸ್ಟುಡಿಯೊಗೆ ಕಲಿಯಲು ಬರುವ ಹುಡುಗರಿಗೆ ಅಪರ್ಚರ್ ಅಂದರೇನು ಅಂತ ಈಗ ಇದೇ ಕೋಣೆಯನ್ನು ನೆನಪಿಸಿ ಹೇಳುತ್ತೇನೆ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಹಾಕಲು ಮೊದಲೇ ಅನುಮತಿ ಬೇಕು, ಡ್ರೋನ್‌ಗೂ ಬೇಕು. ಕಾವಲಿನವರ ಜೊತೆ ವಾದ ಮಾಡಬೇಡಿ. ಅವರು ಅಲ್ಲಿರುವುದರಿಂದಲೇ ಆ ಕಲ್ಲು ಉಳಿದಿದೆ. ಮಂಟಪದ ಕತ್ತಲಲ್ಲಿ ಐಎಸ್‌ಒ 1600ಕ್ಕೆ ಏರಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ನಿಲ್ಲಿಸಿ, ಒತ್ತಿ. ಮತ್ತೆ ಒಂದು ಮಾತು ಕೈ ಮುಗಿದು ಹೇಳುತ್ತೇನೆ: ಫೋಟೊಗಾಗಿ ಕಂಬದ ಮೇಲೆ, ರಥದ ಚಕ್ರದ ಮೇಲೆ ಕಾಲಿಡಬೇಡಿ, ಇಡಲು ಯಾರಿಗೂ ಹೇಳಬೇಡಿ.

ಮುಂಬೈ: ದೀಪ ಹತ್ತಿದ ಮೇಲಿನ ಇಪ್ಪತ್ತು ನಿಮಿಷ

ನಮ್ಮ ಕಡೆಯ ಪ್ರತಿ ಮನೆಯಲ್ಲೂ ಮುಂಬೈಯಲ್ಲಿ ಒಬ್ಬರಾದರೂ ಇರುತ್ತಾರೆ. ನನ್ನ ಚಿಕ್ಕಪ್ಪ ಅಲ್ಲಿದ್ದರು. ನಗರದ ಫೋಟೊ ಕಲಿತದ್ದು ಅವರ ಮನೆಯಲ್ಲಿ ಉಳಿದುಕೊಂಡೇ.

ಬಾಂದ್ರಾ ರೆಕ್ಲಮೇಶನ್ ಕಡೆಯ ದಡದಲ್ಲಿ ನಿಂತರೆ ಸೀ ಲಿಂಕ್ ಸೇತುವೆ, ಅದರ ಹಿಂದೆ ವರ್ಲಿಯ ಎತ್ತರದ ಕಟ್ಟಡಗಳು ಕಾಣುತ್ತವೆ. 2009ರಲ್ಲಿ ತೆರೆದ 5.6 ಕಿಲೋಮೀಟರ್ ಸೇತುವೆ ಅದು. ಇಲ್ಲಿ ಮರವಂತೆಯ ಲೆಕ್ಕ ತಿರುಗಿಸಿ ಹಾಕಿ. ಹುಣ್ಣಿಮೆ, ಅಮಾವಾಸ್ಯೆಯ ಸಂಜೆ ನೀರು ಇಳಿದು ಕೆಸರು, ಕಲ್ಲು, ಪ್ಲಾಸ್ಟಿಕ್ ಕಾಣುತ್ತದೆ. ಮುಂಬೈಯಲ್ಲಿ ಏರಿಳಿತ ನಮ್ಮಲ್ಲಿಗಿಂತ ತುಂಬ ಜಾಸ್ತಿ. ಅಷ್ಟಮಿಯ ಆಸುಪಾಸಿಗೆ ಹೋಗಿ, ಸಂಜೆ ನೀರು ತುಂಬಿರುತ್ತದೆ, ದೀಪಗಳ ಬಿಂಬ ನಿಮ್ಮ ಕಾಲ ಬುಡದವರೆಗೆ ಬರುತ್ತದೆ.

ಸ್ಕೈಲೈನ್‌ಗೆ, ಅಂದರೆ ಎತ್ತರದ ಕಟ್ಟಡಗಳ ಸಾಲಿಗೆ, ಪೂರ್ತಿ ಕತ್ತಲು ಒಳ್ಳೆಯದಲ್ಲ. ಆಕಾಶ ಕಪ್ಪಾದರೆ ಕಟ್ಟಡದ ಅಂಚು ಕಳೆದುಹೋಗಿ ಕಿಟಕಿಗಳು ಮಾತ್ರ ಉಳಿಯುತ್ತವೆ. ದೀಪ ಹತ್ತಿರಬೇಕು, ಆಕಾಶದಲ್ಲಿ ಇನ್ನೂ ನೀಲಿ ಇರಬೇಕು. ಸೂರ್ಯ ಮುಳುಗಿ 15 ನಿಮಿಷಕ್ಕೆ ಶುರು, 30ಕ್ಕೆ ಹೆಚ್ಚುಕಡಿಮೆ ಮುಗಿಯಿತು. ಎಫ್/8, ಐಎಸ್‌ಒ 100, ಶಟರ್ ನಾಲ್ಕು ಸೆಕೆಂಡಿನಿಂದ ಶುರು ಮಾಡಿ ಬೆಳಕು ಇಳಿದ ಹಾಗೆ ಹದಿನೈದರವರೆಗೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಆಟೊ ಬೇಡ, 4000 ಕೆಲ್ವಿನ್ ಹತ್ತಿರ ಇಟ್ಟರೆ ನೀಲಿ ಉಳಿಯುತ್ತದೆ. ಪ್ರತಿ ಫೋಟೊದ ನಂತರ ಹಿಸ್ಟೋಗ್ರಾಮ್ (ಬೆಳಕು, ಕತ್ತಲಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ. ಬೋರ್ಡು, ದೀಪ ಸ್ವಲ್ಪ ಸುಟ್ಟರೆ (ಬರೀ ಬಿಳಿಯಾದರೆ) ಪರವಾಗಿಲ್ಲ, ಕಟ್ಟಡದ ಮುಖ ಸುಡಬಾರದು.

ಮರೀನ್ ಡ್ರೈವ್ ಅರ್ಧ ಚಂದ್ರನ ಹಾಗೆ ಬಾಗಿದ 3.6 ಕಿಲೋಮೀಟರ್ ರಸ್ತೆ. ನರಿಮನ್ ಪಾಯಿಂಟ್ ತುದಿಯಲ್ಲಿ ನಿಂತರೆ ಆ ಬಾಗು ಮಲಬಾರ್ ಹಿಲ್‌ವರೆಗೆ ಕಣ್ಣನ್ನು ಎಳೆದೊಯ್ಯುತ್ತದೆ. ಎಫ್/16 ಮಾಡಿದರೆ ಬೀದಿದೀಪಗಳು ನಕ್ಷತ್ರದ ಹಾಗೆ ಕವಲೊಡೆಯುತ್ತವೆ. ಇಪ್ಪತ್ತು ಸೆಕೆಂಡಿಗೆ ಕಾರುಗಳ ದೀಪ ಕೆಂಪು ಗೆರೆಯಾಗುತ್ತದೆ. ಗಾಳಿಗೆ ಸ್ಟ್ಯಾಂಡ್ ಅಲುಗುತ್ತದೆ, ಬ್ಯಾಗನ್ನು ನಡುವಿನ ಕೊಂಡಿಗೆ ತೂಗಿಸಿ, ಬ್ಯಾಗು ನೆಲಕ್ಕೆ ತಾಗುವಷ್ಟು ಕೆಳಗೆ ಇರಲಿ, ಇಲ್ಲವಾದರೆ ಅದೇ ತೂಗಾಡಿ ಅಲುಗಿಸುತ್ತದೆ. ಅಲ್ಲಿನ ಸಾಲು ಸಾಲು ಆರ್ಟ್ ಡೆಕೊ ಕಟ್ಟಡಗಳು 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಅವುಗಳ ದುಂಡು ಬಾಲ್ಕನಿಗಳನ್ನು ಕಡಲ ಕಡೆಯಿಂದ ಬೀಳುವ ಸಂಜೆ ಬಿಸಿಲಲ್ಲಿ ಬೇರೆಯಾಗಿಯೇ ತೆಗೆಯಿರಿ. ಚಳಿಗಾಲದಲ್ಲಿ ಮುಂಬೈ ಗಾಳಿ ಮಂಜು ಮಂಜು. ಜೋರು ಮಳೆ ಬಂದು ಬಿಟ್ಟ ಸಂಜೆ ಸಿಕ್ಕರೆ ಬೇರೆ ಕೆಲಸ ಬಿಟ್ಟು ಓಡಿ.

ಮೊಬೈಲಲ್ಲೂ ಇದೆಲ್ಲ ಆಗುತ್ತದೆ. ಪರದೆಯ ಮೇಲೆ ಬೆಳಕಿರುವ ಜಾಗಕ್ಕೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ, ಬೆರಳನ್ನು ಕೆಳಗೆ ಎಳೆದು ಸ್ವಲ್ಪ ಕಪ್ಪಾಗಿಸಿ. ಆಕಾಶದ ಬಣ್ಣ ವಾಪಸ್ ಬರುತ್ತದೆ. ಲೆನ್ಸನ್ನು ಮೊದಲು ಒರೆಸಿ. ಅರ್ಧಕ್ಕರ್ಧ ಮಸುಕು ಎಣ್ಣೆ ಬೆರಳಿನದ್ದು.

ಮನೆಗೆ ಬಂದ ಮೇಲೆ

ಕಡಲ ಗಾಳಿಯಲ್ಲಿ ಉಪ್ಪಿದೆ. ಅವತ್ತೇ ರಾತ್ರಿ ಸ್ಟ್ಯಾಂಡಿನ ಕಾಲುಗಳನ್ನು ಬಿಡಿಸಿ ಸಿಹಿ ನೀರಲ್ಲಿ ತೊಳೆಯಿರಿ, ಒಣಗಿಸಿ. ಕ್ಯಾಮೆರಾ ಮೈಯನ್ನು ಸಿಹಿ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಲೆನ್ಸಿನ ಗಾಜನ್ನು ಒಣ ಬಟ್ಟೆಯಲ್ಲಿ ತಿಕ್ಕಬೇಡಿ, ಮೊದಲು ಬ್ಲೋವರ್‌ನಿಂದ ಊದಿ. ಇಲ್ಲದಿದ್ದರೆ ಉಪ್ಪಿನ ಕಣವೇ ಗೀರು ಹಾಕುತ್ತದೆ. ಮಳೆಗಾಲದಲ್ಲಿ ಲೆನ್ಸ್‌ಗಳನ್ನು ಚರ್ಮದ ಚೀಲದಲ್ಲಿ ಇಡಬೇಡಿ. ಒಂದು ವರ್ಷ ಹಾಗೆ ಇಟ್ಟು, ಆಗಸ್ಟ್‌ನಲ್ಲಿ ತೆಗೆದು ಬೆಳಕಿಗೆ ಹಿಡಿದಾಗ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬಿತ್ತು. ಈಗ ಅಡುಗೆಮನೆಯ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ವಾರಕ್ಕೊಮ್ಮೆ ಹೊರ ತೆಗೆದು ಬಳಸುತ್ತೇನೆ.

ಕಂಪ್ಯೂಟರಲ್ಲಿ ಜಾಸ್ತಿ ಕೆಲಸ ಬೇಡ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ಫೈಲ್) ತೆಗೆದಿದ್ದರೆ ನೆರಳನ್ನು ಸ್ವಲ್ಪ ಎತ್ತಿ, ಬೆಳಕನ್ನು ಸ್ವಲ್ಪ ಇಳಿಸಿ, ಗೆರೆ ನೇರ ಮಾಡಿ. ಅವತ್ತು ಇಲ್ಲದ ಕೆಂಪನ್ನು ಆಕಾಶಕ್ಕೆ ಬಳಿಯುವುದು ನನಗೆ ಒಗ್ಗುವುದಿಲ್ಲ.

ಕೊನೆಗೆ ಒಂದು ಡೈರಿ ಇಡಿ. ತಾರೀಕು, ತಿಥಿ, ಮುಟ್ಟಿದ ಹೊತ್ತು, ಸೂರ್ಯ ಎಲ್ಲಿ ಮುಳುಗಿದ, ನೀರು ಯಾವ ಬಂಡೆಯವರೆಗೆ ಇತ್ತು, ಏನು ತಪ್ಪಿತು, ಇಷ್ಟು ಸಾಕು. ಸ್ಟುಡಿಯೊದಲ್ಲಿ ಕ್ಯಾಶ್ ಟೇಬಲ್ಲಿನ ಮೇಲೆ ತೂಗುಹಾಕಿದ ಮರವಂತೆ ಫೋಟೊ ನಾನು ಒಂಬತ್ತನೇ ಸಲ ಹೋದಾಗ ಸಿಕ್ಕಿದ್ದು. ಎಂಟನೇ ಸಲದ ಪುಟದಲ್ಲಿ ಹೀಗೆ ಬರೆದಿದ್ದೆ: "ಅಮಾವಾಸ್ಯೆ ಮರುದಿನ. ನೀರು ಸರಿ ಇದೆ. ಸೂರ್ಯ ದೊಡ್ಡ ಬಂಡೆಗಿಂತ ಒಂದು ಮುಷ್ಟಿ ಬಲಕ್ಕೆ. ಡಿಸೆಂಬರ್ ಅಮಾವಾಸ್ಯೆಗೆ ಬರಬೇಕು."